ಗೇರ್ ಮೇಟ್ ಬಿಟ್ಟು ಬಂದವರು ಹೇಗೆ ಸುಧಾರಿಸಿಕೊಂಡಿರಿ?

ಹೊಸಬ: ಸಾಲಿಡ್‌ವರ್ಕ್ಸ್‌ನಿಂದ ಫ್ಯೂಷನ್‌ಗೆ ಬಂದಿದ್ದೇನೆ, ಎರಡೂ ಯಂತ್ರ ಡಿಸೈನ್ ಸಾಫ್ಟ್‌ವೇರ್. 20 ಮತ್ತು 40 ಹಲ್ಲಿನ ಎರಡು ಗೇರ್. ಎರಡು ಮುಖ ಆರಿಸಿ ಅನುಪಾತ ಕೊಟ್ಟರೆ ಗೇರ್ ಎರಡನ್ನೂ ಜೊತೆಗೆ ತಿರುಗಿಸುವ ಗೇರ್ ಮೇಟ್ ಇಲ್ಲಿ ಕಾಣ್ತಿಲ್ಲ. ಅನುಭವ ಇದ್ದವರು ಹೇಳಿ.

ರಾತ್ರಿಪಾಳಿ: ನನ್ನ ಕಥೆ ಕೇಳಿ. 34 ಗೇರ್‌ಗಳ ಅಸೆಂಬ್ಲಿಯನ್ನು ಸ್ಟೆಪ್ ಫೈಲ್ (ಬೇರೆ ಬೇರೆ ಸಾಫ್ಟ್‌ವೇರ್ ಓದಬಲ್ಲ ಫೈಲ್) ಮಾಡಿ ತಂದೆ. ಆಕಾರ ಬಂತು, ಭಾಗಗಳನ್ನು ಜೋಡಿಸುವ ಮೇಟ್ ಒಂದೂ ಬರಲಿಲ್ಲ. ಹನ್ನೊಂದು ರಾತ್ರಿ ಕೂತು ಪ್ರತಿ ಗೇರಿಗೂ ಅಕ್ಷದ ಸುತ್ತ ತಿರುಗಲು ಬಿಡುವ ರೆವಲ್ಯೂಟ್ ಜಾಯಿಂಟ್ ಹಾಕಿದೆ. ಆಮೇಲೆ ಜೋಡಿ ಜಾಯಿಂಟ್‌ಗಳಿಗೆ ಮೋಷನ್ ಲಿಂಕ್: ಇದು 360 ಡಿಗ್ರಿ ತಿರುಗಿದರೆ ಅದು 180. ಒಂದು ಕಡೆ ರಿವರ್ಸ್ ಟಿಕ್ ಮರೆತೆ. ಕಚ್ಚಿಕೊಂಡ ಎರಡು ಗೇರ್ ಒಂದೇ ದಿಕ್ಕಿಗೆ ತಿರುಗುವ ವಿಡಿಯೋ ಗ್ರಾಹಕರ ಕೈ ಸೇರಿತು. ಇವತ್ತಿಗೂ ಅವರ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ.

ಹಲ್ಲುಕಡಿ: ಗೇರ್ ಮೇಟ್ ಇದ್ದಾಗ ಸುಖ ಇತ್ತು ಅಂತ ಯಾರು ಹೇಳಿದ್ದು? ಅದು ಆರಿಸಿದ ಮುಖದ ವ್ಯಾಸ ನೋಡಿ ಅನುಪಾತ ಹಾಕುತ್ತೆ. ನಾನು ಶಾಫ್ಟ್ ತೂತುಗಳನ್ನು ಆರಿಸಿದ್ದೆ. ಎರಡೂ 25 ಮಿ.ಮೀ., ಅಂದರೆ 1:1! ಹಲ್ಲಿನ ಲೆಕ್ಕ ಕೈಯಲ್ಲೇ ಟೈಪ್ ಮಾಡಬೇಕಿತ್ತು. ಇನ್ನು ಹಲ್ಲಿಗೆ ಹಲ್ಲು ಕೂರಿಸುವುದು ಎರಡು ಕಡೆಯೂ ನಮ್ಮದೇ ಕೆಲಸ. ಎರಡು ಗೇರಿನ ಹಲ್ಲೂ ಎದುರುಬದುರಾಗಿದ್ದರೆ 40ರದ್ದನ್ನು 4.5 ಡಿಗ್ರಿ ತಿರುಗಿಸಿ, ಆಮೇಲೆ ಲಿಂಕ್ ಹಾಕಿ.

ಮಾಡ್ಯೂಲ್ ಮೇಷ್ಟ್ರು: ಗೇರಿಗೆ ಹಲ್ಲಿನ ಚಿತ್ರ ಬಿಡಿಸುವುದೇ ದಂಡ. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ, ಹಲ್ಲಿನ ಸಂಖ್ಯೆಯಿಂದ ಗುಣಿಸಿದರೆ ವ್ಯಾಸ) 2 ಆದರೆ 40 ಮತ್ತು 80 ಮಿ.ಮೀ. ವ್ಯಾಸದ ಎರಡು ಸಿಲಿಂಡರ್ ಇಡಿ, ಮಧ್ಯದ ಅಂತರ 60. ಕಂಪ್ಯೂಟರೂ ಏದುಸಿರು ಬಿಡಲ್ಲ. ಹನ್ನೆರಡು ವರ್ಷದಿಂದ ಹೀಗೇ ಮಾಡ್ತಿದ್ದೇನೆ.

ಹಲ್ಲುಕಡಿ: ಮೇಷ್ಟ್ರೇ, ನಿಮ್ಮಂಥವರ ಮಾತು ಕೇಳಿಯೇ ನಾನು ಕೆಟ್ಟಿದ್ದು. ಪ್ಲಾನೆಟರಿ ಗೇರ್: ನಡುವಿನ ಸನ್ 20, ಅದರ ಸುತ್ತ ತಿರುಗುವ ಪ್ಲಾನೆಟ್ 20, ಹೊರಗಿನ ರಿಂಗ್ 60 ಹಲ್ಲು. ಸಿಲಿಂಡರ್‌ನಲ್ಲಿ ಮೂರು ಪ್ಲಾನೆಟ್ ಬೆಣ್ಣೆ ಹಾಗೆ ತಿರುಗಿದವು. ಗೇರ್ ಕಡಿದು ಬಂದ ಮೇಲೆ ಮೂರನೆಯದು ಕೂರಲೇ ಇಲ್ಲ. ಪ್ಲಾನೆಟ್‌ಗಳನ್ನು ಹಿಡಿದಿಡುವ ಕ್ಯಾರಿಯರ್ ಪೂರ್ತಿ ಗುಜರಿಗೆ.

ಮಾಡ್ಯೂಲ್ ಮೇಷ್ಟ್ರು: 20 ಕೂಡಿಸು 60, ಎಂಬತ್ತು. ಮೂರು ಪ್ಲಾನೆಟ್ ಸಮ ಅಂತರದಲ್ಲಿ ಕೂರಬೇಕಾದರೆ ಅದು ಮೂರರಿಂದ ಭಾಗ ಹೋಗಬೇಕು, ಹೋಗುತ್ತಾ? ಅದಕ್ಕೆ ಹಲ್ಲು ಬಿಡಿಸಬೇಕಿರಲಿಲ್ಲ, ಮಗ್ಗಿ ಬಂದಿದ್ದರೆ ಸಾಕಿತ್ತು.

ಹಲ್ಲುಕಡಿ: ಮಗ್ಗಿ ನಿಮ್ಮ ಹತ್ತಿರವೇ ಇಟ್ಕೊಳ್ಳಿ.

ಬಿಟ್ಟಿ ಭಕ್ತ: ಎಲ್ಲರೂ ಉಚಿತ ಡಿಸೈನ್ ಸಾಫ್ಟ್‌ವೇರ್ ಫ್ರೀಕ್ಯಾಡ್‌ಗೆ ಬನ್ನಿ. 2024ರ 1.0 ಆವೃತ್ತಿಯಲ್ಲಿ ಅಸೆಂಬ್ಲಿ ಮಾಡುವ ಸೌಲಭ್ಯ ಒಳಗೇ ಇದೆ, ಗೇರ್ ಜಾಯಿಂಟೂ ಇದೆ.

ರಾತ್ರಿಪಾಳಿ: ಇನ್ನೊಂದು ಹನ್ನೊಂದು ರಾತ್ರಿ ನೀವು ಕೂರ್ತೀರಾ?

ಹೊಸಬ: ನನ್ನದು ಎರಡೇ ಗೇರ್ ಕಣ್ರೀ. ಆ ರಿವರ್ಸ್ ಟಿಕ್ ಎಲ್ಲಿದೆ?