ಪುಟ್ಟನ ಪ್ಲೇಯರ್ ರೇಟು: ದೊಡ್ಡಪ್ಪನ ವಾಯ್ಸ್ ಮೆಸೇಜು

ಹಲೋ… ಹಾಂ, ರೆಕಾರ್ಡ್ ಆಗ್ತಿದೆ. ಪುಟ್ಟ, ನಿನ್ನ ಮೆಸೇಜ್ ನೋಡಿದೆ ಕಣೋ. 4ಕೆ ಬ್ಲೂ-ರೇ ಪ್ಲೇಯರು, ಅದೇ ಡಿಸ್ಕ್ ಹಾಕಿ ಟಿವಿಯಲ್ಲಿ ಸಿನಿಮಾ ನೋಡೋ ಪೆಟ್ಟಿಗೆ, ಡಬ್ಬದ ಮೇಲೆ ಎಂಆರ್‌ಪಿ 34,990, ಅಂಗಡಿಯವನು 26,550ಕ್ಕೆ ಕೊಡ್ತೀನಿ ಅಂತಾನೆ, ಆನ್‌ಲೈನಲ್ಲಿ ಅದೇ ಮಾಲು 23,400, ಸಂಜೆಯೊಳಗೆ 5,000 ಅಡ್ವಾನ್ಸ್ ಕೊಡದಿದ್ರೆ ಈ ರೇಟು ಹೋಯ್ತು ಅಂತಾನೆ, ಇದರಲ್ಲಿ ಮೋಸ ಯಾವುದು ದೊಡ್ಡಪ್ಪ ಅಂತ. ಅಷ್ಟೇ ತಾನೆ? ನಿಮ್ಮಮ್ಮ ಬೇರೆ ಕೆಳಗೆ ಅಳೋ ಗೊಂಬೆ ಹಾಕಿದಾಳೆ. ಅಳೋಂಥದ್ದೇನೂ ಆಗಿಲ್ಲ.

ಮೊದಲು ನ್ಯೂಜೆರ್ಸಿ ಭಾವ ಅಗ್ಗಕ್ಕೆ ಕೊಂಡು ಕೈ ಸುಟ್ಟುಕೊಂಡ ಪ್ಲೇಯರು ಜ್ಞಾಪಿಸಿಕೊ. ನಮ್ಮ ಮನೇಲಿ ಅದು ಗೊತ್ತಿಲ್ಲದವರು ಯಾರಿದಾರೆ, ಈಗಲೂ ಅತ್ತೆ ಅಟ್ಟದ ಮೇಲಿದೆ. ಆದರೆ ಅದು ಅಷ್ಟು ಅಗ್ಗಕ್ಕೆ ಯಾಕೆ ಸಿಕ್ತು ಅನ್ನೋದು ನಿಮಗೆ ಯಾರಿಗೂ ಗೊತ್ತಿಲ್ಲ. ಆಗ ಡಿವಿಡಿ ಆದಮೇಲೆ ಬಂದ ಹೊಸ ಸಿನಿಮಾ ಡಿಸ್ಕಿಗೆ ಎರಡು ಪಂಗಡ, ಒಬ್ಬರ ಡಿಸ್ಕು ಇನ್ನೊಬ್ಬರ ಪ್ಲೇಯರಲ್ಲಿ ಓಡಲ್ಲ. ತೋಷಿಬಾದವರದು ಎಚ್‌ಡಿ ಡಿವಿಡಿ, ಸೋನಿ ಕಡೆಯವರದು ಬ್ಲೂ-ರೇ. 2006ರ ಏಪ್ರಿಲ್‌ನಲ್ಲಿ ತೋಷಿಬಾ ಅಮೆರಿಕದಲ್ಲಿ ಮೊದಲನೇ ಪ್ಲೇಯರನ್ನ 499 ಡಾಲರ್‌ಗೆ ಬಿಟ್ಟಿತು. ಬಿಚ್ಚಿ ಲೆಕ್ಕ ಹಾಕಿದವರು ಒಳಗಿನ ಸಾಮಾನಿಗೇ 600 ಡಾಲರ್ ದಾಟುತ್ತೆ ಅಂದ್ರು. ಅಂದ್ರೆ ಒಂದೊಂದು ಡಬ್ಬಕ್ಕೂ ಕಂಪನಿ ಕೈಯಿಂದ ದುಡ್ಡು ಹಾಕ್ತಿತ್ತು. ಪ್ಲೇಯರು ಮನೆಮನೆ ಸೇರಿದರೆ ಸಿನಿಮಾ ಕಂಪನಿಗಳು ತಮ್ಮ ಕಡೆ ಬರ್ತವೆ ಅನ್ನೋ ಲೆಕ್ಕ ಅದು. ಅದೇ ವರ್ಷ ಜೂನ್‌ನಲ್ಲಿ ಬಂದ ಸ್ಯಾಮ್‌ಸಂಗ್ ಬ್ಲೂ-ರೇ ಪ್ಲೇಯರಿಗೆ ಹತ್ರ ಹತ್ರ 1,000 ಡಾಲರ್. ಅದು ಇನ್ನೊಂದು ಥರದ ಲೆಕ್ಕ: ಮೊದಲು ಬೇಕು ಅನ್ನೋರು ಎಷ್ಟಾದರೂ ಕೊಡ್ತಾರೆ, ಅವರ ಹತ್ರ ಪೂರ್ತಿ ತೊಗೊಂಡು ಆಮೇಲೆ ಇಳಿಸ್ತಾ ಬರೋದು.

2007ರ ನವೆಂಬರ್ ಮೊದಲ ವಾರ ವಾಲ್‌ಮಾರ್ಟ್‌ನಲ್ಲಿ ತೋಷಿಬಾದ ಎಚ್‌ಡಿ-ಎ2 ಪ್ಲೇಯರು 98 ಡಾಲರ್ 87 ಸೆಂಟಿಗೆ ಬಂತು. ಜನ ಮುಗಿಬಿದ್ರು. ಭಾವನೂ ಆ ಗಲಾಟೇಲೇ ಒಂದು ಕೊಂಡ, ಐದು ಡಿಸ್ಕ್ ಪುಕ್ಕಟೆ ಅಂತ ಬೇರೆ ಹಿಗ್ಗಿದ. 2008ರ ಜನವರಿ 4ಕ್ಕೆ ವಾರ್ನರ್ ಬ್ರದರ್ಸ್ ನಾವಿನ್ನು ಬ್ಲೂ-ರೇ ಮಾತ್ರ ಅಂದುಬಿಟ್ಟಿತು, ಫೆಬ್ರವರಿ 19ಕ್ಕೆ ತೋಷಿಬಾ ಎಚ್‌ಡಿ ಡಿವಿಡಿಯನ್ನೇ ಕೈಬಿಟ್ಟಿತು. ಪುಕ್ಕಟೆ ಬಂದ ಐದು ಡಿಸ್ಕು ನೋಡಿ ಮುಗಿಯೋ ಹೊತ್ತಿಗೆ ಆರನೇದು ಕೊಳ್ಳೋಕೆ ಅಂಗಡೀಲಿ ಹೊಸ ಡಿಸ್ಕೇ ಇಲ್ಲ. ಅದಕ್ಕೇ ಹೇಳ್ತಿರೋದು ಪುಟ್ಟ, ಬೆಲೆ ಯಾಕೆ ಇಳಿದಿದೆ ಅಂತ ಗೊತ್ತಾಗೋ ತನಕ ದುಡ್ಡು ಬಿಚ್ಚಬೇಡ.

ಈಗ ನಿನ್ನ ಅಂಗಡಿಯವನ ಲೆಕ್ಕ. ಎಂಆರ್‌ಪಿ ಮರೆತುಬಿಡು. ಅದನ್ನ ಬರೆಯೋದು ಕಂಪನಿ ಅಥವಾ ಆಮದು ಮಾಡಿದವನು, ಅಂಗಡಿಯವನಲ್ಲ. ಎಲ್ಲಾ ತೆರಿಗೆ ಸೇರಿ ಇದಕ್ಕಿಂತ ಜಾಸ್ತಿ ತೊಗೋಬಾರದು ಅನ್ನೋ ಗೆರೆ ಅಷ್ಟೇ. ಗೆರೆ ಎತ್ತರದಲ್ಲಿ ಎಳೆದಷ್ಟೂ ‘24 ಪರ್ಸೆಂಟ್ ಆಫ್’ ಅಂತ ಬೋರ್ಡ್ ಹಾಕೋಕೆ ಅನುಕೂಲ. ಅಂಗಡಿಯವನು ನೋಡೋದು ಲ್ಯಾಂಡಿಂಗು, ಅಂದ್ರೆ ಮಾಲು ಅವನ ಗೋಡೌನಿಗೆ ಬಂದು ಬಿದ್ದ ಬೆಲೆ. ಡಿಸ್ಟ್ರಿಬ್ಯೂಟರ್ ಬಿಲ್ಲು 20,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 3,600, ಒಟ್ಟು 23,600 ಅಂತಿಟ್ಕೊ. ನಿನಗೆ ಹೇಳಿದ 26,550 ಇದೆಯಲ್ಲ, ಅದನ್ನ 1.18ರಿಂದ ಭಾಗಿಸು. 22,500 ಬರತ್ತೆ, ಮಿಕ್ಕ 4,050 ಸರ್ಕಾರದ್ದು. ಆ 22,500ರಲ್ಲಿ ಡಿಸ್ಟ್ರಿಬ್ಯೂಟರ್ ಬಿಲ್ಲಿನ 20,000 ಕಳೆದರೆ ಅವನಿಗೆ ಉಳಿಯೋದು 2,500. ಎಂಆರ್‌ಪಿಯಿಂದ 8,440 ಇಳಿಸಿದ ಅಂತ ಕುಣೀಬೇಡ, ದೋಚಿಬಿಟ್ಟ ಅಂತ ಬೈಯಲೂಬೇಡ.

ಆ 2,500ರಲ್ಲಿ ಏನೇನು ಹೋಗತ್ತೆ ಗೊತ್ತಾ? ನೀನು ಕ್ರೆಡಿಟ್ ಕಾರ್ಡ್ ಉಜ್ಜಿದರೆ 400, 500 ಬ್ಯಾಂಕಿಗೆ. ಕೌಂಟರ್ ಹುಡುಗನ ಇನ್ಸೆಂಟಿವ್. ಬಾಡಿಗೆ. ಆಮೇಲೆ ಬಡ್ಡಿ: 23,600 ರೂಪಾಯಿ ಮಾಲು ಶೆಲ್ಫಿನ ಮೇಲೆ ಕೂತರೆ ವರ್ಷಕ್ಕೆ 12 ಪರ್ಸೆಂಟ್ ಹಿಡಿದರೂ ತಿಂಗಳಿಗೆ 236. ಟಿವಿ ಆದರೆ ವಾರದಲ್ಲಿ ಹೋಗತ್ತೆ. ಇಂಥ ಪ್ಲೇಯರು ತಿಂಗಳುಗಟ್ಟಲೆ ಕೂರತ್ತೆ. ಓಪ್ಪೋದವರು 2018ರಲ್ಲೇ ಪ್ಲೇಯರ್ ಕೆಲಸ ಬಿಟ್ರು, ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಮಾಡೆಲ್ ತರೋದನ್ನ 2019ರಲ್ಲಿ ನಿಲ್ಲಿಸ್ತು, ಎಲ್‌ಜಿ 2024ರ ಕೊನೇಲಿ. ಮಾಡೋರೇ ಕಮ್ಮಿ, ಕೊಳ್ಳೋರೂ ಕಮ್ಮಿ. ಅದಕ್ಕೇ ಟಿವಿ ಥರ ಇದರ ರೇಟು ವರ್ಷವರ್ಷ ಬೀಳಲ್ಲ, ಅಂಗಡಿಯವನೂ ಎರಡು ಪೀಸಿಗಿಂತ ಜಾಸ್ತಿ ಇಟ್ಕೊಳಲ್ಲ. ಅವನು ನಿಜವಾಗಿ ದುಡಿಯೋದು ಎಚ್‌ಡಿಎಂಐ ಕೇಬಲ್ಲಲ್ಲಿ, ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ. ಪ್ಲೇಯರ್ ಮೇಲೆ 500 ಬಿಟ್ಟು ಕೇಬಲ್ ಮೇಲೆ 700 ಹಿಡೀತಾನೆ.

ಆನ್‌ಲೈನ್ 23,400 ಅಂದೆ. ಅದು ಲ್ಯಾಂಡಿಂಗಿಗಿಂತ 200 ಕಮ್ಮಿ ಆಯ್ತಲ್ಲೋ! ಏನೋ ಒಂದು ಲೆಕ್ಕ ಇಲ್ಲದೆ ಯಾರೂ ಕೈಯಿಂದ ಹಾಕಿ ವ್ಯಾಪಾರ ಮಾಡಲ್ಲ. ಒಂದೋ ಕಂಪನಿ ಆ ಸೈಟಿಗೆ ಬೇರೆ ಸ್ಕೀಮ್, ಅಂದ್ರೆ ರಿಯಾಯಿತಿ, ಕೊಟ್ಟಿದೆ, ಇಲ್ಲಾ ಬ್ಯಾಂಕ್ ಕಾರ್ಡಿನ ಡಿಸ್ಕೌಂಟ್ ಸೇರಿಸಿ ತೋರಿಸ್ತಿದಾರೆ, ಇಲ್ಲಾ ಮಾಲು ಹೊರಗಡೆಯಿಂದ ಯಾರೋ ತಂದಿದ್ದು. ಮೂರನೇದಾದರೆ ಕಷ್ಟ. ಅಮೆರಿಕದ ಪೀಸು 120 ವೋಲ್ಟಿಂದು ಮಾತ್ರ ಇರಬಹುದು, ನಮ್ಮ 230ಕ್ಕೆ ಹಾಕಿದರೆ ಪವರ್ ಸಪ್ಲೈ ಢಮಾರ್. ಬ್ಲೂ-ರೇ ರೀಜನ್ನು, ಅಂದ್ರೆ ಯಾವ ಪ್ರದೇಶದ ಡಿಸ್ಕು ಓಡಬೇಕು ಅನ್ನೋ ಬೀಗ, ಅವರದ್ದು ಎ, ನಮ್ಮದು ಸಿ. ಡಿವಿಡಿಗೆ ಅವರದ್ದು 1, ನಮ್ಮದು 5. 4ಕೆ ಡಿಸ್ಕಿಗೆ ರೀಜನ್ ಕಾಟ ಇಲ್ಲ, ಆದರೆ ನಿನ್ನ ಹತ್ರ ಇರೋ ಹಳೇ ಡಿಸ್ಕುಗಳಿಗೆ ಇದೆ. ಮೇಲಾಗಿ ಇಲ್ಲಿನ ಸರ್ವಿಸ್ ಸೆಂಟರ್ ಆ ಸೀರಿಯಲ್ ನಂಬರ್ ನೋಡಿ ವಾಪಸ್ ಕಳಿಸ್ತಾರೆ. ಭಾವಂದೂ ಇದೇ ಅಲ್ವಾ, ಅಗ್ಗದ ಹಿಂದೆ ಬೇರೆಯವರ ಲೆಕ್ಕ ಇತ್ತು. ಇನ್ನೊಂದ್ಸಲ ಹೇಳ್ತೀನಿ ಕೇಳು: ಬೆಲೆ ಯಾಕೆ ಇಳಿದಿದೆ ಅಂತ ಗೊತ್ತಾಗೋ ತನಕ ದುಡ್ಡು ಬಿಚ್ಚಬೇಡ.

ಮತ್ತೆ ಈ ಆನ್‌ಲೈನ್ ಅಂದ ತಕ್ಷಣ ನನಗೆ ಮೈಯೆಲ್ಲಾ ಉರಿಯತ್ತೆ ಕಣೋ. ನಮ್ಮ ಜನ ಅಂಗಡಿಗೆ ಹೋಗ್ತಾರೆ, ಒಂದು ಗಂಟೆ ಡೆಮೊ ನೋಡ್ತಾರೆ, ಎಸಿ ಗಾಳಿ, ಹುಡುಗ ತಂದುಕೊಟ್ಟ ಕಾಫಿ, ಯಾವ ಡಿಸ್ಕು ಓಡತ್ತೆ, ಟಿವಿಗೆ ಸೆಟಿಂಗ್ ಹೇಗೆ, ಎಲ್ಲಾ ಕೇಳ್ಕೊಂಡು, ‘ಮನೇಲಿ ಕೇಳಿ ಬರ್ತೀವಿ’ ಅಂತ ಎದ್ದು ಹೊರಗೆ ಫುಟ್‌ಪಾತಲ್ಲೇ ನಿಂತು ಫೋನಲ್ಲಿ ಆರ್ಡರ್ ಮಾಡ್ತಾರೆ. ಡೆಮೊಗೆ ಬಿಚ್ಚಿದ ಪೀಸನ್ನ ಆಮೇಲೆ 10, 15 ಪರ್ಸೆಂಟ್ ಕಳೆದು ಮಾರಬೇಕು, ಆ ನಷ್ಟ ಯಾರದು? ಕಂಪನಿಯವರೋ, ರೇಟು ಇಳಿಸಿದಾಗ ಹಳೇ ಸ್ಟಾಕಿಗೆ ಕ್ರೆಡಿಟ್ ನೋಟ್, ಅಂದ್ರೆ ವ್ಯತ್ಯಾಸದ ದುಡ್ಡಿನ ಚೀಟಿ, ಕೊಡ್ತೀವಿ ಅಂತಾರೆ, ಅದೂ ಈಚೆಗೆ ಬಿಲ್ ಆದ ಮಾಲಿಗೆ ಮಾತ್ರ, ಕೊಡೋದು ಮೂರು ತಿಂಗಳಾದ ಮೇಲೆ. ಅದಕ್ಕೇ ಹಳೇ ಸ್ಟಾಕ್ ಇಟ್ಟಿರೋನು ಹೊಸ ರೇಟಿಗೆ ಇಳಿಯೋಕೆ ಒದ್ದಾಡ್ತಾನೆ. ನಮ್ಮ ಮನೇಲೂ ಅಷ್ಟೇ. ಸಣ್ಣತ್ತೆ ಗೃಹಪ್ರವೇಶಕ್ಕೆ ಹೋಮ್ ಥಿಯೇಟರ್ ತಂದರು, ಈ ವ್ಯಾಪಾರದಲ್ಲೇ ತಲೆ ಹಣ್ಣಾದವನು ಪಕ್ಕದ ಬೀದೀಲಿದ್ದೀನಿ, ಒಂದು ಮಾತು ಕೇಳಿದ್ರಾ? ಊಟಕ್ಕೆ ಮಾತ್ರ ಕರೆದ್ರು. ಹೋಗ್ಲಿ ಬಿಡು.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರಾನೇ ಕೊಡಲಿಲ್ಲ. ಅಡ್ವಾನ್ಸು ಕೊಡಬೇಡ. ಇವತ್ತು ತಾರೀಖು 29, ತಿಂಗಳ ಕೊನೆ, ಅವನಿಗೆ ಟಾರ್ಗೆಟ್ ಇರತ್ತೆ. ಮಾರಾಟ ಇಷ್ಟು ಲಕ್ಷ ಮುಟ್ಟಿದರೆ ಕಂಪನಿಯಿಂದ ಒಂದು ಪರ್ಸೆಂಟು, ಅದಕ್ಕೂ ಮೇಲೆ ಹೋದರೆ ಎರಡು ಅಂತ. ಸ್ಕೀಮು ಇರೋದೂ ನಿಜ ಇರಬಹುದು. ಆದರೆ ಕಂಪನಿ ಸ್ಕೀಮ್ ಲೆಕ್ಕ ಹಿಡಿಯೋದು ಬಿಲ್ ತಾರೀಖು ಮತ್ತು ಸೀರಿಯಲ್ ನಂಬರ್ ಮೇಲೆ, ಅಡ್ವಾನ್ಸ್ ಚೀಟಿ ಮೇಲಲ್ಲ. ನಿನ್ನ 5,000ದಿಂದ ಕಟ್ಟಿಬೀಳೋನು ನೀನು ಮಾತ್ರ.

ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ತಕ್ಷಣ ಹೋಗು, ಗಿರಾಕಿ ಕಮ್ಮಿ ಇರ್ತಾರೆ, ಓನರೇ ಸಿಕ್ತಾನೆ. ಡಬ್ಬದ ಮೇಲಿನ ಪೂರ್ತಿ ಮಾಡೆಲ್ ನಂಬರ್ ಬರ್ಕೊ, ಆನ್‌ಲೈನಿಂದರ ಜೊತೆ ಕೊನೇ ಅಕ್ಷರದವರೆಗೂ ಹೊಂದಿಸಿ ನೋಡು. ಒಂದಕ್ಷರ ಬೇರೆ ಇದ್ರೆ ಅದು ಬೇರೆ ದೇಶದ ಮಾಲಿರಬಹುದು. ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು-ವರ್ಷ ಇರೋ ಸ್ಟಿಕ್ಕರ್ ಇದೆಯಾ ನೋಡು. ಆಮೇಲೆ ‘ಎಷ್ಟು ಡಿಸ್ಕೌಂಟು’ ಅಂತ ಕೇಳಲೇಬೇಡ. ‘ಎಕ್ಸ್‌ಚೇಂಜ್ ಇಲ್ಲ, ಫೈನಾನ್ಸ್ ಇಲ್ಲ, ಕೇಬಲ್ ಬೇಡ, ಜಿಎಸ್‌ಟಿ ಬಿಲ್ ಸಮೇತ ಲಾಸ್ಟ್ ರೇಟ್ ಹೇಳಿ’ ಅನ್ನು. ನೋ ಕಾಸ್ಟ್ ಇಎಂಐ ಅಂದ್ರೆ ಬಡ್ಡಿ ಇಲ್ಲ ಅಂತಲ್ಲ. 27,000ಕ್ಕೆ ತಿಂಗಳಿಗೆ 3,000ದಂತೆ 9 ಕಂತು ಅಂದ್ರೆ, 15 ಪರ್ಸೆಂಟ್ ಬಡ್ಡಿಯಲ್ಲಿ ಸುಮಾರು 1,600 ಬ್ಯಾಂಕಿಗೆ ಹೋಗತ್ತೆ, ಅದನ್ನ ಕಂಪನಿನೋ ಅಂಗಡಿನೋ ಕಟ್ಟಿರತ್ತೆ. ಕ್ರೆಡಿಟ್ ಕಾರ್ಡಾದರೆ ಆ ಬಡ್ಡಿ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀಸು ನಿನ್ನ ತಲೆ ಮೇಲೆ. ಒಂದೇ ಸಲ ಯುಪಿಐನಲ್ಲಿ ಕೊಡ್ತೀನಿ, ಅದರಲ್ಲಿ ನನಗೆಷ್ಟು ಬಿಡ್ತೀರ ಅಂತ ಕೇಳು. 25,000ದ ಆಸುಪಾಸಿಗೆ ಬಂದರೆ ತೊಗೊ. 24,000 ಅಂತ ಎಳೀಬೇಡ, ಬಿಲ್ ಬೇಡ ಅನ್ನೋ ಮಾತಿಗೆ ಬರ್ತಾನೆ. ಆ ಮಾತು ಬಂದರೆ ಎದ್ದು ಬಾ.

ದುಡ್ಡು ಕೊಡೋ ಮೊದಲು ಅಲ್ಲೇ ಆನ್ ಮಾಡಿಸು, ಒಂದು ಡಿವಿಡಿ, ಒಂದು ಬ್ಲೂ-ರೇ, ಎರಡೂ ಹಾಕಿಸಿ ನೋಡು. ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸು. ಕೇಬಲ್ ಕೊಳ್ಳಬೇಡ, ನನ್ನ ಹತ್ರ ಎರಡು ಸುಮ್ನೆ ಬಿದ್ದಿವೆ, ಬರ್ತಾ ಈ ಕಡೆ ಬಂದು ತೊಗೊಂಡು ಹೋಗು.