ಮೌಸರ್ ಸಿ96 ಪಿಸ್ತೂಲಿನ ಮರದ ಹಿಡಿಯಲ್ಲಿ ಚಕ್ಕೆ ಎದ್ದಿದೆ: ಬದಲಿಸಬೇಕೇ, ದುರಸ್ತಿ ಮಾಡಬಹುದೇ?

ಪ್ರಶ್ನೆ (ಮೂಡಿಗೆರೆಯಿಂದ)

ತಾತನ ಕಾಲದಿಂದ ಪರವಾನಗಿಯ ಮೇಲೆ ನಮ್ಮ ತೋಟದ ಮನೆಯಲ್ಲಿರುವ .30 ಬೋರಿನ ಮೌಸರ್ ಸಿ96 ಪಿಸ್ತೂಲಿನ ಎಡ ಹಿಡಿಪಟ್ಟಿಯಲ್ಲಿ ಎರಡು ಕಡೆ ಚಕ್ಕೆ ಎದ್ದಿದೆ. ಕೆಳತುದಿಯಿಂದ ಹಾರಿದ ಚೂರು ಸಿಕ್ಕಿದ್ದು, ಅದನ್ನು ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಸ್ಕ್ರೂವಿನ ಪಕ್ಕದಲ್ಲಿ ಅಡ್ಡ ತೋಡುಗಳ ನಡುವಿನ ಎರಡು ಏಣುಗಳು ಮುರಿದಿವೆ. ಅವುಗಳ ಚೂರು ಇಲ್ಲ. ಬೀಟೆ ಮರದಲ್ಲಿ ಹೊಸ ಜೋಡಿಯನ್ನೇ ಕೆತ್ತಿಕೊಡುತ್ತೇನೆ, ಪಿಸ್ತೂಲು ತಂದುಕೊಡಿ ಎಂದು ಊರಿನ ಬಡಗಿ ಹೇಳುತ್ತಾರೆ. ಹಳೆಯದನ್ನೇ ಉಳಿಸಿಕೊಳ್ಳುವ ದಾರಿ ಇದೆಯೇ? ಮಳೆ ಹಿಡಿದಿರುವ ಈ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬಹುದೇ?

ಉತ್ತರ (ಹಾಸನದಿಂದ)

ದಾರಿ ಇದೆ, ಮತ್ತು ಹಳೆಯದನ್ನೇ ಉಳಿಸಿಕೊಳ್ಳಬೇಕು ಎಂಬುದೇ ನನ್ನ ಅಭಿಪ್ರಾಯ. ಸಂಗ್ರಹಕ್ಕೆ ಯೋಗ್ಯವಾದ ಆಯುಧದಲ್ಲಿ ಮೂಲ ಹಿಡಿಪಟ್ಟಿಗೆ ತೇಪೆ ಬಿದ್ದಿದ್ದರೂ ಅದಕ್ಕಿರುವ ಬೆಲೆ ಹೊಚ್ಚಹೊಸ ಬೀಟೆಯ ಜೋಡಿಗೆ ಬರುವುದಿಲ್ಲ. ಪಟ್ಟಿಗಳ ಒಳಮೈಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಅಂಕಿಗಳ ಮುದ್ರೆ ಕಂಡರೆ ಪಿಸ್ತೂಲಿನ ಕ್ರಮಸಂಖ್ಯೆಯೊಂದಿಗೆ ತಾಳೆಹಾಕಿ, ಆ ಜಾಗಕ್ಕೆ ಉಪ್ಪುಕಾಗದವನ್ನಾಗಲಿ ಅಂಟನ್ನಾಗಲಿ ತಾಗಿಸಬೇಡಿ.

ಮೊದಲು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ದುರಸ್ತಿಗೂ ಪರವಾನಗಿ ಬೇಕು. ಆದ್ದರಿಂದ ಪಿಸ್ತೂಲನ್ನು ಬಡಗಿಯ ಅಂಗಡಿಯಲ್ಲಿ ಬಿಟ್ಟುಬರುವ ಮಾತೇ ಬೇಡ. ಹಿಡಿಪಟ್ಟಿಗಳನ್ನು ನೀವೇ ಬಿಚ್ಚಿ, ಪಿಸ್ತೂಲನ್ನು ಬೀಗದೊಳಗಿಟ್ಟು, ಕೆಲಸವೆಲ್ಲ ಬರಿಯ ಮರದ ಮೇಲೆ ನಡೆಯಲಿ. ಸಿ96ರಲ್ಲಿ ಗುಂಡುಗಳನ್ನು ತುಂಬುವ ಕೋಣೆ (ಮ್ಯಾಗಜೀನ್) ಇರುವುದು ಹಿಡಿಯೊಳಗಲ್ಲ, ಕುದುರೆಯ (ಟ್ರಿಗರ್) ಮುಂದೆ. ಬೋಲ್ಟನ್ನು ಹಿಂದಕ್ಕೆಳೆದು ಅದೂ ನಳಿಗೆಯೂ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆಯೇ ಸ್ಕ್ರೂಗೆ ಕೈಹಾಕಿ. ಎರಡೂ ಪಟ್ಟಿಗಳನ್ನು ಹಿಡಿದಿರುವುದು ಆ ಒಂದೇ ಸ್ಕ್ರೂ. ಅದರ ಸೀಳಿಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಒಂದನ್ನು ಅರದಿಂದ ಉಜ್ಜಿ ಹೊಂದಿಸಿಕೊಳ್ಳಿ. ಜಾರಿದ ತುದಿಯೇ ಹೆಚ್ಚಿನ ಹಿಡಿಗಳಿಗೆ ಎರಡನೆಯ ಗಾಯ ಮಾಡುವುದು.

ಏಣುಗಳು ಏಕೆ ಮುರಿಯುತ್ತವೆ ಎಂಬುದು ತಿಳಿದರೆ ದುರಸ್ತಿಯ ಕ್ರಮ ತಾನಾಗಿ ಹೊಳೆಯುತ್ತದೆ. ಈ ಪಟ್ಟಿಗಳ ವಾಲ್‌ನಟ್ ಮರದ ಎಳೆ ಹಿಡಿಯ ಉದ್ದಕ್ಕೆ ಸಾಗುತ್ತದೆ, ತೋಡುಗಳನ್ನು ಮಾತ್ರ ಅಡ್ಡಡ್ಡಲಾಗಿ ಕೊರೆಯಲಾಗಿದೆ. ಹೀಗಾಗಿ ಪ್ರತಿಯೊಂದು ಏಣೂ ತುಂಡು ಎಳೆಗಳ ಸಾಲಾಗಿದ್ದು, ಪಕ್ಕದಿಂದ ಬಿದ್ದ ಸಣ್ಣ ಪೆಟ್ಟಿಗೂ ಒಡೆದ ಬೆಲ್ಲದಚ್ಚಿನ ಅಂಚಿನಂತೆ ಉದುರುತ್ತದೆ. ಇದರ ಮೇಲೆ, ಲೋಹಕ್ಕೆ ಹಚ್ಚಿದ ಎಣ್ಣೆ ವರ್ಷಗಟ್ಟಲೆ ಮರದೊಳಗೆ ಇಳಿದು ಎಳೆಗಳನ್ನು ಮೆತ್ತಗೆ ಮಾಡಿರುತ್ತದೆ. ಎಣ್ಣೆ ಕುಡಿದ ಮರಕ್ಕೆ ಅಂಟೂ ಹಿಡಿಯುವುದಿಲ್ಲ.

ಆದ್ದರಿಂದ ಎಣ್ಣೆಯನ್ನು ಹೊರತೆಗೆಯುವುದೇ ಮೊದಲ ಕೆಲಸ. ವೈಟಿಂಗ್ ಪುಡಿಯನ್ನು (ನುಣ್ಣನೆಯ ಸೀಮೆಸುಣ್ಣದ ಪುಡಿ) ಅಸಿಟೋನಿನಲ್ಲಿ ಕಲಸಿ, ಮುರಿದ ಮೈಗೆ ಮತ್ತು ಅದರ ಹಿಂಬದಿಗೆ ಮಾತ್ರ ಮೆತ್ತಿ. ಅಸಿಟೋನ್ ಆರಿದಂತೆ ಬಿಳಿಯ ಪುಡಿ ಕಂದು ಹಳದಿಗೆ ತಿರುಗುತ್ತದೆ. ಒಣ ಬ್ರಷ್ಷಿನಿಂದ ಕೊಡವಿ, ಪುಡಿ ಬಿಳಿಯಾಗಿಯೇ ಉಳಿಯುವ ತನಕ ಮತ್ತೆ ಮತ್ತೆ ಮೆತ್ತಿ. ಹೊರಮೈಗೆ ಅಸಿಟೋನ್ ಹರಿಯಬಾರದು, ನೂರು ವರ್ಷದ ಹೊಳಪು ಒಂದೇ ಒರಸಿಗೆ ಹೋಗುತ್ತದೆ. ಒಲೆಯ ಹತ್ತಿರವಂತೂ ಈ ಕೆಲಸ ಸಲ್ಲದು.

ಚೂರು ಸಿಕ್ಕಿರುವ ಕಡೆ ಕೆಲಸ ಸುಲಭ. ಮುರಿದ ಅಂಚುಗಳನ್ನು ಉಜ್ಜಬೇಡಿ, ಒಂದರ ಹಲ್ಲು ಇನ್ನೊಂದಕ್ಕೆ ಕೂರಬೇಕು. ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಅರಾಲ್ಡೈಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಳ್ಳಗೆ ಸವರಿ, ಚೂರನ್ನು ಒತ್ತಿ, ಹೊರಬಂದ ಅಂಟನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ತುದಿಯಿಂದ ತೆಗೆದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತಿ ಬಿಗಿಯಿರಿ. ಫೆವಿಕ್ವಿಕ್ ಬೇಡ: ಮಲೆನಾಡಿನ ತೇವದಲ್ಲಿ ಅದು ಚೂರನ್ನು ಸರಿಯಾಗಿ ಕೂರಿಸುವ ಮೊದಲೇ ಹಿಡಿದುಬಿಡುತ್ತದೆ, ಸುತ್ತ ಬಿಳಿಯ ಮಬ್ಬು ಕಟ್ಟುತ್ತದೆ.

ಏಣುಗಳೇ ಇಲ್ಲದ ಕಡೆ ತೇಪೆ ಹಾಕಬೇಕು. ಮರದಪುಡಿ ಬೆರೆಸಿದ ಅಂಟನ್ನು ತುಂಬಿ ಗೀರುವವರಿದ್ದಾರೆ. ಅದು ಮರಕ್ಕಿಂತ ಕಪ್ಪಾಗಿ, ಮೇಣದಂತೆ ಕಾಣುವುದರಿಂದ ಕೂದಲೆಳೆಯ ಬಿರುಕಿಗೆ ಮಾತ್ರ ಸಾಕು. ಹರಿತವಾದ ಉಳಿಯಿಂದ ಗಾಯವನ್ನು ಸಮತಟ್ಟಾಗಿ ಬಿಡಿಸುವಾಗ ಮೇಲಿನ ಮತ್ತು ಕೆಳಗಿನ ಗಡಿಗಳನ್ನು ತೋಡಿನ ತಳದಲ್ಲಿಯೇ ನಿಲ್ಲಿಸಿ, ಪಕ್ಕದ ಗಡಿಗಳನ್ನು ಎಳೆಯ ಗುಂಟ ಒಯ್ಯಿರಿ. ಹಾಗೆ ಮಾಡಿದರೆ ಬೆಸುಗೆಯ ಗೆರೆ ಎರಡು ಕಡೆ ತೋಡಿನ ನೆರಳಿನಲ್ಲಿಯೂ ಇನ್ನೆರಡು ಕಡೆ ಎಳೆಯ ನಡುವೆಯೂ ಅಡಗುತ್ತದೆ. ತೇಪೆಯ ಎಳೆಯೂ ಹಿಡಿಯ ಉದ್ದಕ್ಕೇ ಇರಲಿ. ಅಂಟು ಗಟ್ಟಿಯಾದ ಮೇಲೆ ಉಬ್ಬನ್ನು ಉಳಿಯಿಂದ ಕೆತ್ತಿ ಸಮಮಾಡಿ, ಸಣ್ಣ ಮುಮ್ಮೂಲೆ ಅರವನ್ನು ಪಕ್ಕದ ಹಳೆಯ ತೋಡಿನಲ್ಲಿ ಕೂರಿಸಿ, ಅದೇ ದಾರಿಯಲ್ಲಿ ತೇಪೆಯೊಳಗೆ ನೂಕಿರಿ. ಅರ ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ.

ಮಳೆಗಾಲದ ಪ್ರಶ್ನೆಗೆ ಬರೋಣ. ಎಣ್ಣೆ ತೆಗೆಯುವುದಕ್ಕೂ ಸಿಕ್ಕಿರುವ ಚೂರನ್ನು ಅಂಟಿಸುವುದಕ್ಕೂ ಅಡ್ಡಿಯಿಲ್ಲ. ಚಳಿಯಲ್ಲಿ ಅರಾಲ್ಡೈಟ್ ತಡವಾಗಿ ಗಟ್ಟಿಯಾಗುವುದರಿಂದ ಪೂರ್ತಿ ಎರಡು ದಿನ ಬಿಟ್ಟುಬಿಡಿ. ತೇಪೆಯನ್ನು ಮಾತ್ರ ಮಳೆ ಮುಗಿದ ಮೇಲೆ ಹಾಕಿ. ತೇವ ಕುಡಿದು ಉಬ್ಬಿದ ಮರವನ್ನು ಈಗ ಬಿಗಿಯಾಗಿ ಕೂರಿಸಿದರೆ ಫೆಬ್ರುವರಿಯ ಒಣಹವೆಗೆ ಅದು ಕುಗ್ಗಿ ಸುತ್ತಲೂ ಗೆರೆ ಬಿಡುತ್ತದೆ.

ಮತ್ತೆ ಪ್ರಶ್ನೆ (ಮೂಡಿಗೆರೆಯಿಂದ)

ತೇಪೆಗೆ ವಾಲ್‌ನಟ್ ಇಲ್ಲಿ ಎಲ್ಲಿ ಸಿಗಬೇಕು? ಮನೆಯಲ್ಲಿ ಬೀಟೆ, ತೇಗ, ಸಿಲ್ವರ್ ಓಕ್ ತುಂಡುಗಳಿವೆ. ಬಡಗಿ ಹೇಳುವಂತೆ ಹಳೆಯ ಕಾಲದ ಚರ್ಮದ ಅಂಟನ್ನು ಕಾಯಿಸಿ ಹಚ್ಚಿದರೆ ಆಗದೇ?

ಉತ್ತರ (ಚಿಕ್ಕಮಗಳೂರಿನಿಂದ)

ಚರ್ಮದ ಅಂಟಿಗೆ ಒಂದು ಗುಣವಿದೆ, ಬಿಸಿ ಮತ್ತು ತೇವ ಕೊಟ್ಟರೆ ಮುಂದೆ ಬೇಕಾದಾಗ ಬಿಡಿಸಬಹುದು. ಒಣಸೀಮೆಯಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕಪಾಟಿನ ಚಪ್ಪಲಿಗೂ ಬೂಸು ಹಿಡಿಯುವ ನಮ್ಮ ಕಡೆ ಮಳೆಗಾಲಕ್ಕೆ ಅದು ನಿಲ್ಲುವುದಿಲ್ಲ. ಹಾಸನದವರು ಹೇಳಿದ ಅಂಟೇ ಸರಿ.

ನೀವು ಹೇಳಿದ ಮೂರು ಮರಗಳಲ್ಲಿ ಯಾವುದೂ ಹೊಂದುವುದಿಲ್ಲ. ಬೀಟೆಗೆ ನೇರಳೆ ಛಾಯೆ, ತೇಗಕ್ಕೆ ಹಳದಿ, ಸಿಲ್ವರ್ ಓಕಿನ ಮೈಮೇಲಿನ ಚುಕ್ಕಿಗಳಂತೂ ದೂರದಿಂದಲೇ ಗುರುತು ಸಿಗುತ್ತವೆ. ಕಾಶ್ಮೀರದ ಕೆತ್ತನೆಯ ಪೆಟ್ಟಿಗೆಗಳು ವಾಲ್‌ನಟ್ಟಿನವು. ಮುರಿದ ಮುಚ್ಚಳವೊಂದು ಸಿಕ್ಕರೆ ಸಾಕು. ಪರವಾನಗಿ ಪಡೆದ ಬಂದೂಕು ದುರಸ್ತಿಗಾರರ ಬಳಿ ಹಳೆಯ ವಿಲಾಯತಿ ಕೋವಿಗಳ ಮುರಿದ ದಸ್ತೆಯ (ಕೋವಿಯ ಮರದ ಭಾಗ) ಚೂರುಗಳೂ ಇರಬಹುದು, ಬಣ್ಣ ಮಾಗಿರುವುದರಿಂದ ಅವು ಇನ್ನೂ ಉತ್ತಮ. ತುಂಡನ್ನು ಸ್ಪಿರಿಟ್ಟಿನಿಂದ ಒದ್ದೆಮಾಡಿ ಹಗಲಿನ ಬೆಳಕಿನಲ್ಲಿ ಹಿಡಿಯ ಪಕ್ಕ ಇಟ್ಟು ನೋಡಿ. ಎಣ್ಣೆ ಹಚ್ಚಿದ ಮೇಲೆ ಬರುವ ಬಣ್ಣ ಹೆಚ್ಚುಕಡಿಮೆ ಅದೇ. ಸ್ವಲ್ಪ ತಿಳಿಯಾಗಿದ್ದರೆ ಚಿಂತೆಯಿಲ್ಲ, ಗಾಢ ಮಾಡಬಹುದು, ಕಪ್ಪಾಗಿದ್ದರೆ ತಿಳಿಗೊಳಿಸಲಾಗದು.

ಮುಗಿದ ಮೇಲೆ ತೇಪೆಗಷ್ಟೇ ಬೇಯಿಸಿದ ಅಗಸೆ ಎಣ್ಣೆಯನ್ನು ಬೆರಳಿನಿಂದ ತಿಕ್ಕಿ. ಇಡೀ ಹಿಡಿಗೆ ವಾರ್ನಿಷ್ ಹೊಡೆಯಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಪೂರ್ತಿ ಒಣಗಿಸಿಯೇ ಬಿಸಾಡಿ. ಪಟ್ಟಿಗಳನ್ನು ಮರಳಿ ಕೂರಿಸುವಾಗ ಸ್ಕ್ರೂ ಮರಕ್ಕೆ ತಾಗಿದ ಕೂಡಲೇ ನಿಲ್ಲಿಸಿ, ಪಟ್ಟಿ ಅಲುಗಾಡುತ್ತಿದ್ದರೆ ಮಾತ್ರ ಒಂದಿಷ್ಟು ತಿರುಗಿಸಿ.