ಪದಚರ್ಚೆ: ‘ಅಕ್ರೀಟಿಂಗ್ ಮಿಲಿಸೆಕೆಂಡ್ ಎಕ್ಸ್-ರೇ ಪಲ್ಸಾರ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಖಗೋಳ ಪ್ರದರ್ಶನವೊಂದರ ಫಲಕಕ್ಕೆ ಅರ್ಜೆಂಟಾಗಿ ಒಂದು ಸಾಲು ಬೇಕು, ನಾಳೆ ಅಚ್ಚಿಗೆ ಹೋಗುತ್ತದೆ. ಚಿತ್ರ ಎಂ28 ಎಂಬ ಗೋಳಗುಚ್ಛದ್ದು, ಅಂದರೆ ಚೆಂಡಿನಂತೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪಿನದು. ಅದರೊಳಗೆ 2013ರಲ್ಲಿ ಎಕ್ಸ್-ರೇಯಲ್ಲಿ ಕಂಡ ಪಲ್ಸಾರ್ (ತಿರುಗುತ್ತಾ ಸುತ್ತುಸುತ್ತಿಗೂ ಮಿನುಗಿದಂತೆ ಕಾಣುವ ನ್ಯೂಟ್ರಾನ್ ತಾರೆ, ಅಂದರೆ ಸತ್ತ ದೊಡ್ಡ ನಕ್ಷತ್ರದ ಅತಿ ಸಾಂದ್ರ ತಿರುಳು) ಸೆಕೆಂಡಿಗೆ 254 ಸುತ್ತು ಹೊಡೆಯುತ್ತದೆ, ಒಂದು ಸುತ್ತಿಗೆ ಕೆಲವೇ ಮಿಲಿಸೆಕೆಂಡ್. ನಾನು ಬರೆದದ್ದು: ‘ಸಂಚಯನಶೀಲ ಮಿಲಿಸೆಕೆಂಡ್ ಕ್ಷ-ಕಿರಣ ಸ್ಪಂದತಾರೆ’. ಓದುವಾಗ ಉಸಿರು ಕಟ್ಟುತ್ತದೆ. ‘ಸಂಚಯನಶೀಲ’ (ಅಕ್ರೀಟಿಂಗ್, ಅಂದರೆ ಸಂಗಾತಿ ನಕ್ಷತ್ರದ ಅನಿಲ ಹೀರುವ) ಕೈಬಿಟ್ಟರೆ ನಡೆಯುತ್ತಾ?

ಉತ್ತರ:
‘ಸ್ಪಂದ’ ಬೇಡ. ನಾಡಿ ಮಿಡಿಯುತ್ತದೆ, ತಂತಿ ಮಿಡಿಯುತ್ತೇವೆ, ಕಂಬನಿ ಮಿಡಿಯುತ್ತೇವೆ. ಇಷ್ಟು ಒಳ್ಳೆಯ ಧಾತು ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವುದು ಯಾಕೆ? ‘ಮಿಡಿತಾರೆ’ ಅನ್ನಿ. ‘ಗುಚ್ಛ’ವೂ ಬೇಡ, ‘ಗೊಂಚಲು’ ಸಾಕು.

ಮರು:
‘ಮಿಡಿ’ ಕನ್ನಡ, ‘ತಾರೆ’ ಸಂಸ್ಕೃತ. ಎರಡನ್ನೂ ಬೆಸೆದರೆ ವ್ಯಾಕರಣ ದೋಷ, ಅರಿಸಮಾಸ.

ಮರು:
ಬಿರುದಾವಳಿಯಲ್ಲಿ ಅರಿಸಮಾಸ ದೋಷವಲ್ಲ ಅಂತ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಹೇಳಿದ್ದಾನೆ. ಇದನ್ನೂ ಬಿರುದು ಅಂದುಕೊಳ್ಳಿ. ಅಷ್ಟಕ್ಕೂ ಸಮಾಧಾನ ಇಲ್ಲ ಅಂದ್ರೆ ‘ಮಿಡಿಚುಕ್ಕಿ’.

ಮರು:
ವ್ಯಾಕರಣ ಹಾಗಿರಲಿ. ಪಲ್ಸಾರ್ ಮಿಡಿಯುವುದೇ ಇಲ್ಲ ಸಾರ್, ತಿರುಗುತ್ತದೆ. ನಿಜಕ್ಕೂ ಉಬ್ಬಿ ಕುಗ್ಗುವ ನಕ್ಷತ್ರಗಳು ಬೇರೆ ಇವೆ, ಸೆಫೀಡ್‌ಗಳು. ಅವಕ್ಕೆ ಏನಂತ ಹೆಸರಿಡುತ್ತೀರಿ?

ಪ್ರಶ್ನೆ ಕೇಳಿದ ಮೇಡಂ, ‘ಸಂಚಯನ’ ಹೋಗಲಿ, ಆ ಅರ್ಥ ಮಾತ್ರ ಬಿಡಬೇಡಿ. ಗೋಳಗುಚ್ಛದ ನಡುಭಾಗದಲ್ಲಿ ನಕ್ಷತ್ರಗಳು ಕಿಕ್ಕಿರಿದಿರುತ್ತವೆ. ನ್ಯೂಟ್ರಾನ್ ತಾರೆಗೆ ಅಲ್ಲಿ ಸಂಗಾತಿ ಸಿಗುವ ಸಾಧ್ಯತೆ ಜಾಸ್ತಿ. ಸಂಗಾತಿಯ ಅನಿಲ ಸುತ್ತುತ್ತಾ ಬಂದು ಬೀಳುವುದರಿಂದಲೇ ಅದರ ತಿರುಗುವ ವೇಗ ಏರುವುದು. 1982ರಲ್ಲಿ ಖಗೋಳವಿಜ್ಞಾನಿಗಳಾದ ರಾಧಾಕೃಷ್ಣನ್ ಮತ್ತು ಶ್ರೀನಿವಾಸನ್ ಹೇಳಿದ್ದೂ ಇದನ್ನೇ. ಆ ಅನಿಲ ಕಾಂತಧ್ರುವಗಳ ಮೇಲೆ ಸುರಿದು, ಕಾದು ಎಕ್ಸ್-ರೇ ಹೊಮ್ಮಿಸುತ್ತದೆ. ಒಂದೊಂದು ಸುತ್ತಿಗೂ ಆ ಬಿಸಿ ಜಾಗ ನಮ್ಮ ಕಡೆ ಬಂದು ಹೋಗುತ್ತದೆ.

ಎಂ28ರಲ್ಲೇ 1987ರಲ್ಲಿ ರೇಡಿಯೊದಲ್ಲಿ ಸಿಕ್ಕ ಇನ್ನೊಂದು ಮಿಲಿಸೆಕೆಂಡ್ ಪಲ್ಸಾರ್ ಇದೆ. ಅದೂ ಎಕ್ಸ್-ರೇ ಸೂಸುತ್ತದೆ, ಆದರೆ ಒಂಟಿ, ಏನನ್ನೂ ಹೀರುತ್ತಿಲ್ಲ. ಹೀರುವ ಅರ್ಥದ ಪದ ಬಿಟ್ಟರೆ ಎರಡಕ್ಕೂ ಒಂದೇ ಹೆಸರಾಗುತ್ತದೆ. ನಿಮ್ಮದರ ಕತೆ ಇನ್ನೂ ಮಜವಾಗಿದೆ. ಮೊದಲು ರೇಡಿಯೊ ಪಲ್ಸಾರ್ ಆಗಿದ್ದದ್ದು 2013ರಲ್ಲಿ ಅನಿಲ ಹೀರಿ ಎಕ್ಸ್-ರೇಯಲ್ಲಿ ಬೆಳಗಿತು, ಕೆಲವೇ ವಾರಗಳಲ್ಲಿ ಮತ್ತೆ ರೇಡಿಯೊಗೆ ಮರಳಿತು.

ಮರು:
ಮಿಡಿಯುವುದಿಲ್ಲ ಅಂದ ಮೇಲೆ ‘ಪಲ್ಸಾರ್’ ಅನ್ನುವ ಇಂಗ್ಲಿಷ್ ಪದವೂ ತಪ್ಪೇ, ಅಲ್ವಾ? ಅವರ ತಪ್ಪಿಗೆ ಮಾಫಿ, ನಮ್ಮದಕ್ಕೆ ದಂಡ. ಹೀಗೇ ಬಿಟ್ಟರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮರು:
ಪ್ರತ್ಯಯ ಉಳಿದರೆ ಭಾಷೆ ಉಳಿದ ಹಾಗೇ. ಬಸ್ಸು, ಪೊಲೀಸು ಬಂದಾಗ ಏನೂ ಮುಳುಗಲಿಲ್ಲ. ಸುಮ್ನೆ ಪದ ಹುಟ್ಟಿಸಿ ನಿಘಂಟಿನಲ್ಲಿ ಮಲಗಿಸುವುದಕ್ಕಿಂತ ಪಲ್ಸಾರ್ ವಾಸಿ.

ಮರು:
ಕೊನೆಗೆ ಕಳಿಸಿದ ಸಾಲು: ‘ಗೋಳಗುಚ್ಛದೊಳಗೆ ಸಂಗಾತಿಯ ಅನಿಲ ಹೀರುವ ಮಿಲಿಸೆಕೆಂಡ್ ಎಕ್ಸ್-ರೇ ಪಲ್ಸಾರ್’. ಎಲ್ಲರಿಗೂ ಥ್ಯಾಂಕ್ಸ್. ಅರಿಸಮಾಸದ ಜಗಳಕ್ಕೆ ದಯವಿಟ್ಟು ಬೇರೆ ಎಳೆ ತೆಗೆಯಿರಿ.

ಮರು:
ಇಷ್ಟೆಲ್ಲ ಇಂಗ್ಲಿಷ್ ಇಟ್ಟುಕೊಂಡ ಮೇಲೆ ‘ಗುಚ್ಛ’ ಯಾಕೆ? ಕ್ಲಸ್ಟರ್ ಅಂತಲೇ ಹಾಕಬಹುದಿತ್ತು.